ಇಲ್ಲದ ಕಾಲುದಾರಿಯಲ್ಲಿ ನಡೆದ ಒಂಬತ್ತು ಜನ

ನಮ್ಮ ತಾಲೂಕಿನ ಸಿವಿಲ್ ನ್ಯಾಯಾಧೀಶರ ಸನ್ನಿಧಾನಕ್ಕೆ

ಮಾನ್ಯರೇ,

ಬರುವ ಸೋಮವಾರ ತಮ್ಮ ಮುಂದೆ ಒಂಬತ್ತು ಜನ ಕೈಕಟ್ಟಿ ನಿಲ್ಲಲಿದ್ದಾರೆ. ಬಾಳೂರು ಕಡೆಯ ಕಾಫಿ ಎಸ್ಟೇಟೊಂದರ ಮೇಲಿರುವ ಕಾಲೊನಿಯವರು. ನ್ಯಾಯಾಲಯದ ತಡೆಯಾಜ್ಞೆಯನ್ನು ಮೀರಿ ಎಸ್ಟೇಟಿನೊಳಗಿನ ಕಾಲುದಾರಿಯಲ್ಲಿ ನಡೆದರು, ಆದ್ದರಿಂದ ಅವರನ್ನು ಸಿವಿಲ್ ಜೈಲಿಗೆ ಕಳುಹಿಸಬೇಕು ಎಂಬುದು ಅವರ ಮೇಲಿನ ಅರ್ಜಿ. ಅದೇ ಅರ್ಜಿಯ ಎರಡನೇ ಪ್ಯಾರಾದಲ್ಲಿ, ಅಂಥ ಕಾಲುದಾರಿ ಅಲ್ಲಿ ಇಲ್ಲವೇ ಇಲ್ಲ ಎಂದೂ ಬರೆದಿದೆ. ಇಲ್ಲದ ದಾರಿಯಲ್ಲಿ ಒಂಬತ್ತು ಜನ ನಡೆದದ್ದು ಹೇಗೆ ಎಂದು ತಾವು ಕೇಳುವಿರೋ ಇಲ್ಲವೋ ನಾನರಿಯೆ. ಆದರೆ ದಾರಿ ಇಲ್ಲವೆನ್ನುವುದಕ್ಕೆ ಅರ್ಜಿದಾರರ ಬಳಿ ಇರುವ ಏಕೈಕ ಪುರಾವೆ ಹನ್ನೆರಡು ವರ್ಷದ ಹಿಂದಿನ ಕೋರ್ಟ್ ಕಮಿಷನರರ ವರದಿ. ಮೂರು ಪುಟ, ನೀಟಾಗಿ ಟೈಪಾಗಿದೆ, ಕಾಗುಣಿತದ ತಪ್ಪಿಲ್ಲ. ಅದನ್ನು ಬರೆದ ಮಹಾಶಯ ನಾನೇ.

ವಿಚಾರಣೆಯಲ್ಲಿರುವ ದಾವೆಯ ಬಗ್ಗೆ ವಕೀಲನೊಬ್ಬ ಪತ್ರಿಕೆಯ ಮೂಲಕ ನ್ಯಾಯಾಧೀಶರಿಗೆ ಪತ್ರ ಬರೆಯಬಾರದು. ಇದು ನನಗೆ ಗೊತ್ತು. ಗೊತ್ತಿದ್ದೂ ಬರೆಯುತ್ತಿರುವುದಕ್ಕೆ ವಕೀಲರ ಪರಿಷತ್ತು ಏನು ಮಾಡಬಹುದೆಂಬುದೂ ಗೊತ್ತು. ನೆಟ್ಟಗಿನ ಬಾಗಿಲನ್ನು ಮೊದಲು ತಟ್ಟಿಯೇ ನೋಡಿದ್ದೇನೆ, ಆ ಕಥೆ ಮುಂದೆ ಬರುತ್ತದೆ. ಸದ್ಯಕ್ಕೆ ತಾವು ತಿಳಿಯಬೇಕಾದ್ದು, ಒಬ್ಬ ಸಾಧಾರಣ ವಕೀಲ ಒಂದು ಮಧ್ಯಾಹ್ನದಲ್ಲಿ ಒಂದು ದಾರಿಯನ್ನು ಹೇಗೆ ಅಳಿಸಿಹಾಕಿದ ಎಂಬುದು.

1996ರಲ್ಲಿ ನನಗೆ ಮೂವತ್ತನಾಲ್ಕು ವರ್ಷ. ಕಳಸದ ಮೇಷ್ಟರ ಮಗ. ವಕೀಲಿಕೆ ಶುರುಮಾಡಿ ಎಂಟು ವರ್ಷವಾಗಿತ್ತು, ಕೋರ್ಟ್ ಹಾಲಿಗಿಂತ ಎದುರಿನ ಹೋಟೆಲಿನ ಬೆಂಚೇ ನನ್ನನ್ನು ಹೆಚ್ಚು ಬಲ್ಲದಾಗಿತ್ತು. ಅಂಥ ಹೊತ್ತಿನಲ್ಲಿ ಅಂದಿನ ನ್ಯಾಯಾಧೀಶರು ನನ್ನನ್ನು ಕಮಿಷನರ್ ಎಂದು ನೇಮಿಸಿದರು. ವ್ಯಾಜ್ಯದ ಜಾಗಕ್ಕೆ ಹೋಗಬೇಕು, ನೋಡಬೇಕು, ನೋಡಿದ್ದನ್ನು ನೋಡಿದ ಹಾಗೆ ಬರೆದುಕೊಡಬೇಕು, ಇಷ್ಟೇ ಕೆಲಸ. ಕಣ್ಣು ಮತ್ತು ಪೆನ್ನು ಇದ್ದವರು ಯಾರೂ ಮಾಡಬಹುದು. ನಾನು ಮಾತ್ರ ಜಿಲ್ಲೆಯ ಡೆಪ್ಯುಟಿ ಕಮಿಷನರನೇ ಆದವನಂತೆ ಮನೆಗೆ ಬಂದು ಹೆಂಡತಿ ಸುಭದ್ರಾಳಿಗೆ ಆದೇಶದ ಪ್ರತಿ ಓದಿ ಹೇಳಿದೆ. ಮರುದಿನ ಚಿಕ್ಕಮಗಳೂರಿಗೆ ಹೋಗಿ ಹೊಸ ಕಪ್ಪು ಬೂಟು ತಂದೆ. ಆಗಸ್ಟ್ ತಿಂಗಳಲ್ಲಿ ಕಾಫಿ ತೋಟ ನೋಡಲು ಹೊರಟವನಿಗೆ ಬೇಕಾದ್ದು ಅದೇ ನೋಡಿ!

ವ್ಯಾಜ್ಯ ಸರಳವಾಗಿತ್ತು. ಗುಡ್ಡದ ಮೇಲೆ ಇಪ್ಪತ್ತೆರಡು ಮನೆಗಳ ಕಾಲೊನಿ, ಸುತ್ತಲಿನ ತೋಟಗಳಿಗೆ ಕೂಲಿಗೆ ಹೋಗುವವರು. ಕೆಳಗೆ ಟಾರು ರಸ್ತೆ, ಬಸ್ಸು, ಶಾಲೆ, ರೇಷನ್ ಅಂಗಡಿ. ನಡುವೆ ಮಲ್ಲಿಕಾರ್ಜುನಪ್ಪನವರ ಎಸ್ಟೇಟು. ಎಸ್ಟೇಟಿನ ನಡುವೆ ಇಳಿಯುವ ಕಾಲುದಾರಿಯಲ್ಲಿ ಬಂದರೆ ಹದಿನೈದು ನಿಮಿಷ, ಬೇಲಿ ಸುತ್ತಿ ಬಂದರೆ ಒಂದೂವರೆ ಗಂಟೆ. ಕಾಫಿ ಮಾರುಕಟ್ಟೆ ಮುಕ್ತವಾಗಿ ಬೆಲೆ ಏರಿದ ವರ್ಷಗಳವು. ಹಿಂದೆ ಹಣ್ಣು ಉದುರಿದರೂ ಕೇಳದ ಮಾಲೀಕರಿಗೆ ಈಗ ದಾರಿಹೋಕರೆಲ್ಲ ಕಳ್ಳರಾಗಿ ಕಾಣತೊಡಗಿದ್ದರು. ಮಲ್ಲಿಕಾರ್ಜುನಪ್ಪನವರು ದಾರಿಗೆ ಗೇಟು ಹಾಕಿಸಿದರು. ಕಾಲೊನಿಯವರು ಅದನ್ನು ದಾಟಿಕೊಂಡು ಓಡಾಡಿದರು. ಮಲ್ಲಿಕಾರ್ಜುನಪ್ಪನವರು ಕೋರ್ಟಿಗೆ ಬಂದರು.

ನಾನು ಹೋದ ದಿನ ಸುರಿಯುತ್ತಿದ್ದ ಮಳೆಗೆ ಮುಂದಿನ ಮರವೂ ಕಾಣುತ್ತಿರಲಿಲ್ಲ. ಬಸ್‌ಸ್ಟಾಪಿಗೆ ಎಸ್ಟೇಟಿನ ಜೀಪು ಬಂದಿತ್ತು, ಹತ್ತಿದೆ. ಒಂದು ಪಕ್ಷದ ಜೀಪು ಹತ್ತುವ ಕಮಿಷನರು ಇನ್ನೊಂದು ಪಕ್ಷಕ್ಕೆ ಏನಾಗಿ ಕಾಣುತ್ತಾನೆ ಎಂಬ ಪ್ರಶ್ನೆ ನನಗೆ ಹೊಳೆಯಲಿಲ್ಲ. ಹೊಳೆದದ್ದು, ಜೀಪಿಗೆ ಟಾರ್ಪಾಲು ಇದೆಯಲ್ಲ ಎಂಬ ಸಮಾಧಾನ. ಬಂಗಲೆಗೆ ಏರುವ ರಸ್ತೆಯನ್ನು ಆ ಕಾಲುದಾರಿ ದಾಟುವ ಜಾಗದಲ್ಲಿ, ಗೇಟಿನ ಪಕ್ಕ, ಕಂಬಳಿಕೊಪ್ಪೆ ಹೊದ್ದ ಒಬ್ಬ ಮನುಷ್ಯ ನಿಂತಿದ್ದ. ಮೊದಲನೇ ಪ್ರತಿವಾದಿ ಲಕ್ಕಯ್ಯ. ಬೆಳಗ್ಗೆ ಎಂಟರಿಂದ ಕಾದಿದ್ದನಂತೆ.

"ಸ್ವಾಮಿ, ನಾಲ್ಕು ಮಾರು ಇಳಿದ್ರೆ ಸಾಕು," ಎಂದ. "ಕಲ್ಲಿನ ಮೆಟ್ಲು ಶುರುವಾಗ್ತವೆ. ನಮ್ಮಜ್ಜ ಹಾಸಿದ್ದು."

ನಾನು ಜೀಪಿನಿಂದ ಕೆಳಗೆ ನೋಡಿದೆ. ಕೆಸರು. ಕೆಸರಿನ ಅಂಚಿನ ಹುಲ್ಲಿನ ತುದಿಯಲ್ಲಿ ಎರಡು ಉಂಬಳಗಳು ತಲೆಯೆತ್ತಿ, ನನ್ನ ರಕ್ತದ ರುಚಿಯನ್ನು ಆಗಲೇ ಊಹಿಸುತ್ತಿದ್ದವು. ನಾನು ನನ್ನ ಬೂಟು ನೋಡಿಕೊಂಡೆ.

"ಮಳೆ ಸ್ವಲ್ಪ ಬಿಡ್ಲಿ ಕಣಯ್ಯ, ಬರ್ತೀನಿ."

"ಆಗ್ಲಿ ಸ್ವಾಮಿ. ಇಲ್ಲೇ ಇರ್ತೀನಿ."

ಮಲ್ಲಿಕಾರ್ಜುನಪ್ಪನವರು ಜಗಲಿಯ ಮೆಟ್ಟಿಲಿಳಿದು ಬಂದು ತಾವೇ ಕೊಡೆ ಹಿಡಿದರು. "ಬನ್ನಿ ಲಾಯರ್ ಸಾಹೇಬ್ರೇ, ಮೊದ್ಲು ಒಂದು ಲೋಟ ಬಿಸಿ ಕಾಫಿ ಕುಡೀರಿ. ದಾರಿ ಏನು, ಎಲ್ಲಿಗೂ ಓಡಿಹೋಗಲ್ಲ," ಎಂದರು. ತೀರಿಕೊಂಡವರ ಬಗ್ಗೆ ಇಲ್ಲದ್ದು ಹೇಳಬಾರದು. ಆ ದೊಡ್ಡ ಮನುಷ್ಯರು ಊಟ ಮುಗಿಯುವವರೆಗೂ ಮೊಕದ್ದಮೆಯ ಮಾತೇ ಎತ್ತಲಿಲ್ಲ. ಲಂಚದ ಸುಳಿವೂ ಇಲ್ಲ. ಬೆತ್ತದ ಕುರ್ಚಿ ಹಾಕಿಸಿದರು. ನಮ್ಮ ತಂದೆಯ ಹೆಸರು ಕೇಳಿದರು, "ಓ, ಮೇಷ್ಟ್ರ ಮಗನೋ ನೀವು!" ಎಂದು ಸಂತೋಷಪಟ್ಟರು. ಆಮೇಲೆ ಊಟ. ಕಡುಬು, ಕಳಲೆ ಪಲ್ಯ, ಕಡುಬಿನ ಮೇಲೆ ಬೆಣ್ಣೆ ಕಾಸಿದ ತುಪ್ಪ, ಕೊನೆಗೆ ಒತ್ತುಶಾವಿಗೆಗೆ ಏಲಕ್ಕಿ ಹಾಕಿದ ಕಾಯಿಹಾಲು. ಹನ್ನೆರಡು ವರ್ಷವಾದರೂ ಒಂದೊಂದು ಪದಾರ್ಥವೂ ನೆನಪಿದೆ, ಮಾನ್ಯರೇ. ಹೋದ ಕೆಲಸವೊಂದನ್ನು ಬಿಟ್ಟು ಎಲ್ಲವೂ ನೆನಪಿದೆ. ಊಟದ ನಂತರ ಜಗಲಿಯ ಕಂಬಕ್ಕೆ ಒರಗಿ ತೋಟದ ಕಡೆ ನೋಡಿದೆ. ಹಸಿರು, ಅದರ ಮೇಲೆ ಮಂಜು. "ಎಲ್ಲಿದೆ ದಾರಿ, ನೀವೇ ಹೇಳಿ?" ಎಂದು ಅವರು ನಗುತ್ತ ಕೇಳಿದರು. ನಿಜಕ್ಕೂ ಕಾಣಲಿಲ್ಲ. ಆ ಜಗಲಿಯಿಂದ ತೋಟದ ಬಾವಿಯೂ ಕಾಣುತ್ತಿರಲಿಲ್ಲ, ಬಾವಿ ಇಲ್ಲವೆಂದು ಮಾತ್ರ ನಾನು ಬರೆಯಲಿಲ್ಲ.

ನಾಲ್ಕೂವರೆಗೆ ಜೀಪು ಕೆಳಗಿಳಿಯಿತು. ಲಕ್ಕಯ್ಯ ಅಲ್ಲೇ ಇದ್ದ. ಅವನ ಪಕ್ಕದಲ್ಲಿ ಒಬ್ಬ ಹುಡುಗಿ ಗಿಡಗಳ ನಡುವಿನಿಂದ ಆಗ ತಾನೇ ಹೊರಬಂದು ಏದುಸಿರು ಬಿಡುತ್ತಿದ್ದಳು. ತಲೆಗೆ ಗೊಬ್ಬರದ ಪ್ಲಾಸ್ಟಿಕ್ ಚೀಲ, ಅದರಡಿಯಲ್ಲಿ ಪಾಟಿಚೀಲ. ಹನ್ನೊಂದು ವರ್ಷ ಇರಬಹುದು.

"ಮಗಳು ಸ್ವಾಮಿ, ಸುಗುಣ. ಶಾಲೆಯಿಂದ ಬಂದ್ಲು."

"ಸರ್, ನಾನೀಗ ಇದ್ರಲ್ಲೇ ಬಂದೆ," ಎಂದಳು ಹುಡುಗಿ. "ಬನ್ನಿ ಸರ್, ತೋರಿಸ್ತೀನಿ."

ನಾನು ಗಡಿಯಾರ ನೋಡಿಕೊಂಡೆ. ಕೊನೆಯ ಬಸ್ಸು ತಪ್ಪೀತೆಂದು ನೆಪ ಹೇಳಿದೆ. ಎಸ್ಟೇಟಿನ ಜೀಪು ನನ್ನನ್ನು ಮನೆ ಬಾಗಿಲಿಗೇ ಬಿಡುವುದೆಂದು ಆಗಲೇ ನಿಶ್ಚಯವಾಗಿತ್ತು.

ವರದಿಯಲ್ಲಿ ಹೀಗೆ ಬರೆದೆ: "ಸ್ಥಳ ಪರಿಶೀಲನೆಯ ಕಾಲಕ್ಕೆ ದಾವಾ ಸ್ವತ್ತಿನಲ್ಲಿ ಯಾವುದೇ ಕಾಲುದಾರಿಯಾಗಲಿ ಅದರ ಕುರುಹಾಗಲಿ ಕಂಡುಬಂದಿರುವುದಿಲ್ಲ." ಈ ವಾಕ್ಯವನ್ನು ರಚಿಸಿದ ಸಂಜೆ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ಅದರಲ್ಲಿ ಒಂದು ಪದವೂ ಸುಳ್ಳಲ್ಲ. ಕಂಡುಬಂದಿರಲಿಲ್ಲ. ಯಾಕೆ ಕಂಡುಬರಲಿಲ್ಲವೆಂದು ಕೇಳುವ ಹಕ್ಕು ಎದುರು ಪಕ್ಷದ ವಕೀಲರಿಗಿತ್ತು. ಅವರಿಗೆ ಆ ಮೊಕದ್ದಮೆಯಲ್ಲಿ ಅಂಥ ಆಸಕ್ತಿ ಇರಲಿಲ್ಲ. ವರದಿಯ ಆಧಾರದ ಮೇಲೆ ಕಾಲೊನಿಯವರ ವಿರುದ್ಧ ತಾತ್ಕಾಲಿಕ ತಡೆಯಾಜ್ಞೆ ಆಯಿತು. ಆ ತಾತ್ಕಾಲಿಕಕ್ಕೆ ಈಗ ಹನ್ನೆರಡು ವರ್ಷ. ನ್ಯಾಯಾಧೀಶರು ವರ್ಗವಾದರು, ಕಾಲೊನಿಯವರ ವಕೀಲರು ತೀರಿಕೊಂಡರು, ಮಲ್ಲಿಕಾರ್ಜುನಪ್ಪನವರೂ ತೀರಿಕೊಂಡರು, ಅವರ ಮಗ ಬಸವಪ್ರಸಾದ್ ಹೆಸರು ದಾಖಲೆಗೆ ಸೇರುವುದಕ್ಕೇ ಮೂರು ವರ್ಷ ಹಿಡಿಯಿತು. ದಾವೆ ಇಂದಿಗೂ ಸಾಕ್ಷಿಯ ಹಂತದಲ್ಲಿದೆ.

ನನ್ನ ಬದುಕು ಮಾತ್ರ ತಾತ್ಕಾಲಿಕವಾಗಿ ಉಳಿಯಲಿಲ್ಲ. ಮುಂದಿನ ವರ್ಷವೇ ಮಲ್ಲಿಕಾರ್ಜುನಪ್ಪನವರು ತಮ್ಮ ಕಾಗದಪತ್ರವೆಲ್ಲ ನನಗೆ ವಹಿಸಿದರು. ಅವರನ್ನು ನೋಡಿ ಗೋಣಿಬೀಡಿನ ಇಬ್ಬರು, ಆಲ್ದೂರಿನ ಒಬ್ಬರು ಪ್ಲಾಂಟರುಗಳು ಬಂದರು. ಹೋಟೆಲಿನ ಬೆಂಚು ಬಿಟ್ಟು ಪ್ಲಾಂಟರುಗಳ ಕ್ಲಬ್ಬಿನ ಸೋಫಾಕ್ಕೆ ಬಂದೆ. ಊರಿನ ಸಮಾರಂಭಗಳಲ್ಲಿ "ಕಾನೂನಿನ ಮುಂದೆ ಎಲ್ಲರೂ ಸಮಾನರು" ಎಂದು ಭಾಷಣ ಮಾಡಿದೆ, ಚಪ್ಪಾಳೆಯೂ ಬಿತ್ತು. ನ್ಯಾಯಾಂಗವನ್ನು ಶ್ರೀಮಂತರು ಕೊಂಡುಕೊಳ್ಳುತ್ತಾರೆ ಎಂದು ಜನ ಸುಲಭಕ್ಕೆ ಹೇಳಿಬಿಡುತ್ತಾರೆ. ನನ್ನ ಅನುಭವದಲ್ಲಿ ಕೊಳ್ಳುವ ಶ್ರಮವೇ ಅವರಿಗೆ ಬೀಳುವುದಿಲ್ಲ. ಜೀಪು ಅವರದು, ಕೊಡೆ ಅವರದು, ಕುರ್ಚಿ ಅವರದು. ಮಳೆಯಲ್ಲಿ ನಿಂತವನ ಬಳಿ ಇರುವುದು ದಾರಿ ಮಾತ್ರ. ನನ್ನಂಥವನು ಎತ್ತ ಹೋಗುತ್ತಾನೆಂದು ಊಹಿಸಲು ಕಾನೂನಿನ ಪದವಿ ಬೇಕೆ? ನನ್ನನ್ನು ಯಾರೂ ಖರೀದಿಸಲಿಲ್ಲ, ಮಾನ್ಯರೇ. ಪ್ರೀತಿಯಿಂದ ಊಟಕ್ಕೆ ಕರೆದರು, ನಾನೇ ಹೋಗಿ ಎಲೆಯ ಮುಂದೆ ಕೂತೆ.

ಕಳೆದ ಅಕ್ಟೋಬರಿನಲ್ಲಿ ಬಸವಪ್ರಸಾದ್ ನನ್ನನ್ನೂ ಸುಭದ್ರಾಳನ್ನೂ ಎರಡು ದಿನ ಬಂದಿರಿ ಎಂದು ಕರೆದ. ಕಾಫಿ ಬೆಲೆ ಬಿದ್ದ ವರ್ಷಗಳಲ್ಲಿ ಅವನು ಬಂಗಲೆಯನ್ನು ಹೋಂಸ್ಟೇ ಮಾಡಿದ್ದ, ಈಗ ಬೆಂಗಳೂರಿನ ಕಾರುಗಳು ಸಾಲುಗಟ್ಟುತ್ತವೆ. ಕೋಣೆಯ ಮೇಜಿನ ಮೇಲೆ ಬಣ್ಣಬಣ್ಣದ ಬ್ರೋಷರ್ ಇತ್ತು. ಕನ್ನಡಕ ಹಾಕಿಕೊಂಡು ಸುಭದ್ರಾ ಓದಿದಳು: "ನೂರು ವರ್ಷ ಹಳೆಯ ಕಾಲುದಾರಿಯಲ್ಲಿ ನಡೆಯಿರಿ. ತಲೆಮಾರುಗಳಿಂದ ಹಳ್ಳಿಗರ ಹೆಜ್ಜೆ ಸವೆಸಿದ ಕಲ್ಲುಮೆಟ್ಟಿಲುಗಳು."

"ರೀ, ಚೆನ್ನಾಗಿದೆ ಅಲ್ವಾ? ಬೆಳಗ್ಗೆ ಹೋಗಿ ಬರೋಣ," ಎಂದಳು.

ನನಗೆ ಮಂಡಿನೋವು ಎಂದೆ. ಅವಳು ಬಿಡಲಿಲ್ಲ.

ಬೆಳಗ್ಗೆ ಗೈಡ್ ಬಂದಳು. ಹಸಿರು ಜಾಕೆಟ್ಟಿನ ಮೇಲೆ ಎಸ್ಟೇಟಿನ ಹೆಸರು, ಕೊರಳಲ್ಲಿ ಸೀಟಿ, ಕೈಯಲ್ಲಿ ಉಂಬಳಕ್ಕೆ ಹಚ್ಚುವ ಸುಣ್ಣ ಮತ್ತು ಹೊಗೆಸೊಪ್ಪಿನ ಡಬ್ಬಿ. ಇಪ್ಪತ್ತೆರಡು ಇಪ್ಪತ್ಮೂರು ವರ್ಷದವಳು. ಹೆಸರು ಸುಗುಣ ಎಂದಳು. ನಾನು ತಲೆ ಬಗ್ಗಿಸಿ ಬೂಟಿನ ದಾರ ಕಟ್ಟತೊಡಗಿದೆ, ಬಹಳ ಹೊತ್ತು ಕಟ್ಟಿದೆ.

ನಾಲ್ಕು ಮಾರು ಇಳಿದೆವು. ಮೆಟ್ಟಿಲುಗಳಿದ್ದವು. ಅಗಲವಾದ ಕಾಡುಗಲ್ಲು, ನಡುವೆ ತಟ್ಟೆಯಂತೆ ಸವೆದು ನುಣುಪಾದದ್ದು. ಒಬ್ಬಿಬ್ಬರು ನಡೆದು ಸವೆಯುವಂಥದ್ದಲ್ಲ. "ನೂರ ಹದಿನೆಂಟು ಮೆಟ್ಲಿವೆ ಸರ್," ಎಂದು ಸುಗುಣ ಬೇರೆ ಅತಿಥಿಗಳಿಗೆ ಹೇಳುವ ಹಾಗೆಯೇ ಹೇಳಿದಳು.

ಸುಭದ್ರಾ ಶಾಲೆಯಲ್ಲಿ ಪಾಠ ಮಾಡುವವಳು, ಸುಮ್ಮನೆ ನಡೆಯುವವಳಲ್ಲ. "ನಿಮ್ಮ ಮನೆ ಎಲ್ಲಮ್ಮ?" ಎಂದು ಕೇಳಿದಳು.

"ಮೇಲೆ, ಕಾಲೊನೀಲಿ ಅಕ್ಕ."

"ಅಯ್ಯೋ, ಹತ್ರಾನೇ ಹಾಗಾದ್ರೆ! ಇದೇ ದಾರೀಲಿ ಓಡಾಡ್ತೀಯ?"

"ಇಲ್ಲ ಅಕ್ಕ. ಗೆಸ್ಟ್ ಜೊತೇಲಿದ್ರೆ ಮಾತ್ರ ಬಿಡ್ತಾರೆ. ಡ್ಯೂಟಿ ಮುಗಿದ್ಮೇಲೆ ನಾನು ಬೇಲಿ ಸುತ್ತಿ ಹೋಗ್ಬೇಕು. ಒಂದೂವರೆ ಗಂಟೆ."

"ಅದ್ಯಾಕೆ?"

"ಕೋರ್ಟ್ ಆರ್ಡರ್ ಇದೆ. ದಾರಿ ಇಲ್ಲ ಅಂತ."

ಸುಭದ್ರಾ ನಕ್ಕಳು. ತಮಾಷೆ ಎಂದುಕೊಂಡಿದ್ದಳು. "ದಾರಿ ಮೇಲೆ ನಿಂತ್ಕೊಂಡು ದಾರಿ ಇಲ್ಲ ಅಂತೀಯಲ್ಲೇ? ಯಾವ ಕೋರ್ಟು ಹಾಗೆ ಹೇಳಿದ್ದು?"

ಸುಗುಣ ನನ್ನ ಕಡೆ ನೋಡಿದಳು. ಕಣ್ಣಿನಲ್ಲಿ ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. "ಸರ್‌ಗೆ ಗೊತ್ತಿರ್ಬೇಕು," ಎಂದು ಮೆಲ್ಲಗೆ ಹೇಳಿ, ಜಾರುತ್ತೆ ಎಂದು ಸುಭದ್ರಾಳ ಕೈ ಹಿಡಿದುಕೊಂಡಳು.

ಕೋಣೆಗೆ ಬಂದು ಎಲ್ಲ ಹೇಳಿದೆ. ಸುಭದ್ರಾ ಕೂಗಾಡಲಿಲ್ಲ. "ಅವತ್ತು ನೀವು ಮನೆಗೆ ಬಂದು ಊಟದ ಬಗ್ಗೆ ಒಂದು ಗಂಟೆ ಹೇಳಿದ್ರಿ," ಎಂದಳು. "ಈ ಹುಡುಗಿ ವಿಷ್ಯ ಒಂದು ಮಾತೂ ಹೇಳ್ಲಿಲ್ಲ." ಮಧ್ಯಾಹ್ನದ ಊಟಕ್ಕೆ ನಿಲ್ಲದೆ ಪೆಟ್ಟಿಗೆ ಕಟ್ಟಿದಳು.

ಮುಂದಿನ ಭಾನುವಾರ ನಾನು ಕಾಲೊನಿಗೆ ಹೋದೆ. ಬೇಲಿ ಸುತ್ತಿಯೇ ಹೋದೆ. ಅವರಿಗೆ ಒಂದೂವರೆ ಗಂಟೆ, ನನ್ನ ಹೊಟ್ಟೆಗೆ ಎರಡು ಗಂಟೆ ಹತ್ತು ನಿಮಿಷ. ಮಧ್ಯದಲ್ಲಿ ಎರಡು ಹಳ್ಳ, ಮಳೆಗಾಲದಲ್ಲಿ ಎದೆಮಟ್ಟ ಬರುತ್ತವೆ. ರೇಷನ್ ಅಕ್ಕಿಯನ್ನು ಇದರಲ್ಲೇ ಹೊರುತ್ತಾರೆ. ಹುಷಾರಿಲ್ಲದವರನ್ನು ಇದರಲ್ಲೇ ಕುರ್ಚಿಗೆ ಕಟ್ಟಿ ಹೊರುತ್ತಾರೆ. ಸುಗುಣ ಏಳನೆಯ ತರಗತಿ ಮುಗಿಸಿದ ಮೇಲೆ ಶಾಲೆ ಬಿಟ್ಟಳು, ಅವಳ ಜೊತೆಗೆ ಇನ್ನೂ ನಾಲ್ವರು ಹುಡುಗಿಯರು ಬಿಟ್ಟರು. ಇದೆಲ್ಲ ನನಗೆ ಅಂದು ತಿಳಿಯಿತು. ನನ್ನ ವರದಿಯ ಮೂರು ಪುಟಗಳಲ್ಲಿ ಹಳ್ಳಗಳ ಪ್ರಸ್ತಾಪವಿಲ್ಲ.

ಲಕ್ಕಯ್ಯನ ಕೂದಲು ನೆರೆತಿತ್ತು. ನಾನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ತಪ್ಪೊಪ್ಪಿಗೆಯನ್ನು ಶುರುಮಾಡಿದೆ. ನನ್ನ ಆತ್ಮಸಾಕ್ಷಿ, ನನ್ನ ಪಶ್ಚಾತ್ತಾಪ, ನನ್ನ ನಿದ್ದೆಗೆಟ್ಟ ವಾರ. ಅವನು ಸ್ವಲ್ಪ ಹೊತ್ತು ಕೇಳಿದ. ಆಮೇಲೆ ನೀರಿನ ಚೊಂಬು ನನ್ನ ಮುಂದಿಟ್ಟು ಹೇಳಿದ:

"ಮೊದ್ಲು ನೀರು ಕುಡೀರಿ ಸ್ವಾಮಿ. ನಿಮ್ಮ ತಪ್ಪು ತಗೊಂಡು ನಮಗೇನಾಗ್ಬೇಕು? ದಾರಿ ಇದೆ ಅಂತ ಬರ್ಕೊಡ್ತೀರಾ, ಅದು ಹೇಳಿ."

ನಾಚಿಕೆಯೆಂದರೆ ಏನೆಂದು ಆ ಕ್ಷಣ ತಿಳಿಯಿತು. ಹೊಗಳಿಸಿಕೊಂಡು ಮೇಲೆ ಬಂದವನು ಈಗ ಬೈಸಿಕೊಂಡಾದರೂ ದೊಡ್ಡವನಾಗಲು ಹೊರಟಿದ್ದೆ. ಈ ಪತ್ರದಲ್ಲಿಯೂ ಆ ಚಾಳಿ ಪೂರ್ತಿ ಬಿಟ್ಟಿಲ್ಲವೆಂದು ತಾವು ಗಮನಿಸಿರಬಹುದು.

ಬರೆದುಕೊಟ್ಟೆ. ಪ್ರಮಾಣಪತ್ರ ಮಾಡಿ ತಮ್ಮ ಕಚೇರಿಗೆ ಸಲ್ಲಿಸಿದೆ. ಕಮಿಷನರು ತನ್ನ ವರದಿಯನ್ನು ತಾನೇ ಅಲ್ಲಗಳೆಯಲು ಅವಕಾಶವಿರುವ ಕಾನೂನಿನ ಕಲಂ ನಮೂದಿಸಿ ಮರುಸಲ್ಲಿಸುವುದು ಎಂಬ ಚೀಟಿಯೊಂದಿಗೆ ಅದು ಹಿಂದಿರುಗಿತು. ಪುಸ್ತಕವನ್ನೆಲ್ಲ ಹುಡುಕಿದೆ. ಕಮಿಷನರನನ್ನು ಕಟಕಟೆಗೆ ಕರೆಸುವಂತೆ ಪಕ್ಷಗಾರರು ಕೇಳಬಹುದು. ಕಮಿಷನರನಿಗೇ ಬುದ್ಧಿ ಬಂದರೆ ಏನು ಮಾಡಬೇಕೆಂದು ಕಾನೂನು ಮಾಡಿದವರು ಯೋಚಿಸಿಲ್ಲ. ಅಂಥ ಸಂದರ್ಭ ಬಂದೀತೆಂದು ಅವರಿಗೆ ಅನ್ನಿಸಿರಲಾರದು. ಆಮೇಲೆ ಕಾನೂನು ನೆರವಿನ ಮೂಲಕ ಕಾಲೊನಿಯವರಿಗೆ ಸಿಕ್ಕ ಹೊಸ ವಕೀಲೆ ನನ್ನನ್ನು ಕಟಕಟೆಗೆ ಕರೆಸುವ ಅರ್ಜಿ ಹಾಕಿದರು. ಎದುರು ಪಕ್ಷ ತಕರಾರು ಸಲ್ಲಿಸಲು ಕಾಲಾವಕಾಶ ಕೇಳಿತು. ಮೂರು ಸಲ ಕೇಳಿತು, ಮೂರು ಸಲವೂ ಸಿಕ್ಕಿತು.

ನನ್ನ ಪ್ರಾಮಾಣಿಕತೆಯ ಮೊದಲ ಫಲ ಇಷ್ಟು: ಬಸವಪ್ರಸಾದ್ ಬ್ರೋಷರ್ ಹಿಂದಕ್ಕೆ ತೆಗೆದುಕೊಂಡ, ಸುಗುಣಳನ್ನು ಕೆಲಸದಿಂದ ತೆಗೆದ. "ಅಂಕಲ್, ನೀವು ಮನೆಯವರ ಹಾಗಿದ್ರಿ," ಎಂದು ನನ್ನ ಆಫೀಸಿಗೆ ಬಂದು ಹೇಳಿದ. ನಟನೆಯಲ್ಲ, ಅವನಿಗೆ ನಿಜಕ್ಕೂ ನೋವಾಗಿತ್ತು. ಅಂಥವರ ನೋವು ನನಗೆ ಎಷ್ಟು ಬೇಗ ಅರ್ಥವಾಗುತ್ತದೆ ನೋಡಿ! ಹುಡುಗಿಯ ಕೆಲಸ ಹೋದದ್ದು ಮಾತ್ರ ಮೂರು ವಾರದ ಮೇಲೆ ಬೇರೆಯವರಿಂದ ತಿಳಿಯಿತು.

ಈ ಜೂನ್ ಎರಡನೆಯ ವಾರ, ಶಾಲೆ ಶುರುವಾದ ಮೇಲೆ, ಹಳ್ಳ ತುಂಬಿತು. ಕಾಲೊನಿಯ ಏಳು ಮಕ್ಕಳು ಮೂರು ದಿನ ಮನೆಯಲ್ಲೇ ಉಳಿದರು. ನಾಲ್ಕನೆಯ ದಿನ ಬೆಳಗ್ಗೆ ಸುಗುಣ ಮಕ್ಕಳನ್ನು ಸಾಲು ಮಾಡಿ ಎಸ್ಟೇಟಿನ ಗೇಟಿಗೆ ಬಂದಳು. ಹಿಂದೆ ಲಕ್ಕಯ್ಯ, ಇನ್ನೂ ಏಳು ಜನ ತಂದೆ ತಾಯಂದಿರು. ಗೇಟಿನ ವಾಚ್‌ಮನ್ ಗಿಡ್ಡಪ್ಪ ಅಡ್ಡ ಬಂದ. ಮುಂದಿನದನ್ನು ನನಗೆ ಹೇಳಿದವನು ಅವನೇ.

"ಸುಗುಣಾ, ಬೇಡ ಮಾರಾಯ್ತಿ. ಗೆಸ್ಟ್ ಇಲ್ದೆ ಬಿಡೋ ಹಾಗಿಲ್ಲ ಅಂತ ನಿಂಗೂ ಗೊತ್ತು."

"ಇವ್ರೇ ಗೆಸ್ಟ್ ಕಣಣ್ಣ," ಎಂದಳಂತೆ. "ಏಳು ಜನ. ಎಣಿಸ್ಕೋ."

ಗಿಡ್ಡಪ್ಪ ಎಣಿಸಿದ. ಗೇಟು ತೆಗೆದ. ಮಕ್ಕಳು ಹದಿನೈದು ನಿಮಿಷದಲ್ಲಿ ಶಾಲೆ ಸೇರಿದರು, ಪ್ರಾರ್ಥನೆಗೆ ಇನ್ನೂ ಹೊತ್ತಿತ್ತು. ಸಂಜೆಯೊಳಗೆ ಫೋಟೊ ಸಹಿತ ಅರ್ಜಿ ತಯಾರಾಯಿತು, ಗಿಡ್ಡಪ್ಪನ ಕೆಲಸವೂ ಹೋಯಿತು. ಹನ್ನೆರಡು ವರ್ಷ ಸಾಕ್ಷಿಯ ಹಂತ ದಾಟದ ದಾವೆಯಲ್ಲಿ ಒಂಬತ್ತು ಜನರಿಗೆ ನೋಟೀಸು ಹತ್ತೇ ದಿನದಲ್ಲಿ ತಲುಪಿತು. ನಮ್ಮ ಸಂಸ್ಥೆಗಳು ನಿಧಾನ ಎಂದು ದೂರುವವರು ಇದನ್ನು ಗಮನಿಸಬೇಕು.

ಅದೇ ಮೆಟ್ಟಿಲುಗಳ ಮೇಲೆ ಅಕ್ಟೋಬರಿನಲ್ಲಿ ನಾನೂ ನಡೆದಿದ್ದೇನೆ, ಸುಭದ್ರಾಳೂ ನಡೆದಿದ್ದಾಳೆ. ನಮಗೆ ನೋಟೀಸು ಬಂದಿಲ್ಲ, ಚಹಾ ಬಂತು.

ಆದ್ದರಿಂದ ನನ್ನ ಬೇಡಿಕೆ. ಸೋಮವಾರ ಆ ಒಂಬತ್ತು ಜನರ ಮೇಲಿನ ಅರ್ಜಿಗೆ ಮೊದಲು ನನ್ನನ್ನು ಕಟಕಟೆಗೆ ಕರೆಸುವ ಅರ್ಜಿ ತೆಗೆದುಕೊಳ್ಳಿ. ನನ್ನ ವರದಿಯನ್ನು ರದ್ದು ಮಾಡಿ. ಹೊಸ ಕಮಿಷನರನನ್ನು ನೇಮಿಸಿ, ಅವರು ಕಾಲೊನಿಯ ಕಡೆಯಿಂದ, ಕಾಲ್ನಡಿಗೆಯಲ್ಲಿ ಇಳಿಯಲಿ, ಬುತ್ತಿಯನ್ನು ಮನೆಯಿಂದ ಕಟ್ಟಿಕೊಂಡು ಹೋಗಲಿ. ಸಾಧ್ಯವಾದರೆ ತಾವೇ ಬನ್ನಿ. ಮಳೆ ನಿಂತ ಮೇಲೆ ನೋಡೋಣ ಎಂದು ದಯವಿಟ್ಟು ವಾಯಿದೆ ಹಾಕಬೇಡಿ. ಹಳ್ಳ ತುಂಬಿರುವುದು ಈಗ.

ಇದಕ್ಕಾಗಿ ನನ್ನ ವಕೀಲಿಕೆಯ ಸನ್ನದು ಹೋದರೆ ಹೋಗಲಿ ಎಂದು ಧೀರನಂತೆ ಬರೆಯಬೇಕೆಂದಿದ್ದೆ. ನಿಜ ಹೇಳಬೇಕೆಂದರೆ ಭಯವಾಗುತ್ತಿದೆ. ಆದರೂ ಸೋಮವಾರ ಹತ್ತೂವರೆಗೆ ಕೋರ್ಟ್ ಹಾಲಿನಲ್ಲಿ ಇರುತ್ತೇನೆ, ಕರಿಕೋಟಿಲ್ಲದೆ, ಲಕ್ಕಯ್ಯನ ಪಕ್ಕದ ಬೆಂಚಿನಲ್ಲಿ, ಅವನು ಜಾಗ ಕೊಟ್ಟರೆ. ತಮ್ಮ ಜವಾನ ನನ್ನ ಹೆಸರನ್ನು ಮೂರು ಸಲ ಕೂಗಬೇಕಾಗಿಲ್ಲ. ಒಂದೇ ಸಲಕ್ಕೆ ಎದ್ದು ಬರುತ್ತೇನೆ.

ಇಂತಿ,
ಸೋಮವಾರದವರೆಗಂತೂ ವಕೀಲನಾಗಿರುವ
ಕೆ. ನಿರಂಜನ
ಜೂನ್ 2008